ನಡುಗೋಡೆಯ ಆಚೆಯ ಸದ್ದು

ಮನೆಯ ಚರಿತ್ರೆಯನ್ನು ಬರೆದವರು ಬಾಗಿಲಿನ ವಿಷಯ ಬರೆದಿದ್ದಾರೆ, ಕಂಬದ ವಿಷಯ ಬರೆದಿದ್ದಾರೆ. ಅಂಗಳ ಜಗಲಿಗಳ ವಿಷಯವನ್ನಂತೂ ನಮ್ಮ ಕವಿಗಳೂ ಕಾದಂಬರಿಕಾರರೂ ಸಾಕಷ್ಟು ಬರೆದಿದ್ದಾರೆ. ಎರಡು ಮನೆಗಳ ನಡುವೆ ನಿಂತು, ಇಬ್ಬರಿಗೂ ಸೇರಿದ್ದು ಎನ್ನಿಸಿಕೊಂಡು, ಇಬ್ಬರಿಂದಲೂ ಬೈಸಿಕೊಳ್ಳುವ ಗೋಡೆಗೆ ಮಾತ್ರ ಚರಿತ್ರಕಾರರು ದೊರೆತದ್ದು ಕಡಿಮೆ. ಗೋಡೆಗೂ ಕಿವಿಯುಂಟು ಎಂದು ನಮ್ಮವರು ಹೇಳಿದರೇ ಹೊರತು ಅದಕ್ಕೆ ಬಾಯಿಯೂ ಉಂಟೆಂಬುದನ್ನು ಅಷ್ಟಾಗಿ ಗಮನಿಸಲಿಲ್ಲ. ಆ ಬಾಯಿಯ ಕಥೆಯನ್ನು, ಅಂದರೆ ನಡುಗೋಡೆಯನ್ನು ದಾಟಿ ಬರುವ ಸದ್ದು ಮತ್ತು ನಡುಕದ ಕಥೆಯನ್ನು, ಈ ಹೊತ್ತು ಹೇಳಬೇಕೆಂದಿದ್ದೇನೆ.

ಕಥೆ ನಡೆಯುವುದು ಬಹುಮಟ್ಟಿಗೆ ಲಂಡನ್ ನಗರದಲ್ಲಿ. ನಮ್ಮ ಊರುಗಳಲ್ಲಿ ಅಂಟಿಕೊಂಡ ಮನೆಗಳಿರಲಿಲ್ಲವೆಂದಲ್ಲ. ಅಗ್ರಹಾರದ ಸಾಲುಮನೆಗಳು ಇದ್ದವು, ವಠಾರಗಳು ಇದ್ದವು, ಜಗಳಗಳೂ ಇದ್ದವು. ಆದರೆ ಆ ಜಗಳಗಳು ಜಗಲಿಯ ಮೇಲೆ ಹುಟ್ಟಿ ಜಗಲಿಯ ಮೇಲೆಯೇ ಮುಗಿದುಹೋದವು. ಲಂಡನ್ನಿನವರು ತಮ್ಮ ಜಗಳಗಳನ್ನು ಬರೆದಿಟ್ಟರು. ಚರಿತ್ರೆಯನ್ನು ಓದುವವನಿಗೆ ಬರೆದಿಟ್ಟ ಜಗಳಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ.

ಆ ನಗರದ ಮೊದಲ ಮೇಯರ್ ಹೆನ್ರಿ ಫಿಟ್ಸ್-ಏಲ್ವಿನ್. ಆತನ ಹೆಸರಿನಲ್ಲಿ ನಡೆದುಬಂದ, ಸಂಪ್ರದಾಯದಂತೆ 1189ರದೆಂದು ಹೇಳುವ, ಒಂದು ಕಟ್ಟಳೆಯಿದೆ. ನೆರೆಯವರಿಬ್ಬರು ತಮ್ಮ ನಡುವೆ ಕಲ್ಲಿನ ಗೋಡೆ ಎಬ್ಬಿಸಬೇಕೆಂದರೆ ಒಬ್ಬೊಬ್ಬನೂ ತನ್ನ ನೆಲದಲ್ಲಿ ಒಂದೂವರೆ ಅಡಿ ಬಿಟ್ಟುಕೊಡಬೇಕು. ಮೂರು ಅಡಿ ದಪ್ಪ, ಹದಿನಾರು ಅಡಿ ಎತ್ತರದ ಗೋಡೆಯನ್ನು ಇಬ್ಬರೂ ಕೂಡಿ ಕಟ್ಟಿಸಬೇಕು. ಒಬ್ಬನಿಗೆ ಹಣದ ಅನುಕೂಲವಿಲ್ಲದಿದ್ದರೆ ಅವನು ಮೂರು ಅಡಿ ನೆಲವನ್ನೇ ಕೊಡಬಹುದು, ಇನ್ನೊಬ್ಬ ತನ್ನ ಖರ್ಚಿನಲ್ಲಿ ಗೋಡೆ ಎಬ್ಬಿಸಬಹುದು. ಆಗಲೂ ಗೋಡೆ ಇಬ್ಬರದೇ. ತಮ್ಮ ತಮ್ಮ ಕಡೆಯಿಂದ ಒಂದೊಂದು ಅಡಿ ಆಳಕ್ಕೆ ಕಮಾನಿನ ಗೂಡುಗಳನ್ನು ಬಿಟ್ಟುಕೊಳ್ಳುವ ಹಕ್ಕೂ ಇದ್ದಿತು. ಹಾಗೆ ಗೂಡುಗಳು ಎದುರುಬದುರಾಗಿ ಬಂದ ಕಡೆ ಮೂರು ಅಡಿಯ ಗೋಡೆ ಒಂದೇ ಅಡಿಯಾಗಿ ಉಳಿಯುತ್ತಿತ್ತು. ಈ ಕಟ್ಟಳೆಯ ಹಿಂದೆ ಇದ್ದದ್ದು ಬೆಂಕಿಯ ಭಯ. ಮರ ಮತ್ತು ಹುಲ್ಲಿನ ಊರಿನಲ್ಲಿ ಒಂದು ಮನೆಗೆ ಹತ್ತಿದ್ದು ಇನ್ನೊಂದಕ್ಕೆ ಹಬ್ಬದಿರಲಿ ಎಂದು ಕಲ್ಲನ್ನು ನಡುವೆ ನಿಲ್ಲಿಸಿದರು. ಕಿವಿಯ ಯೋಚನೆ ಯಾರಿಗೂ ಇರಲಿಲ್ಲ.

ಕಿವಿಯ ಯೋಚನೆ ಬಂದದ್ದು ಕಿವಿ ನೊಂದವರಿಗೆ. 1378ರಲ್ಲಿ ಥಾಮಸ್ ಯಂಗ್ ಮತ್ತು ಅವನ ಹೆಂಡತಿ ಆಲಿಸ್ ಎಂಬವರು ನಗರದ ಪಂಚಾಯಿತಿಯ ಮುಂದೆ ಬಂದು ದೂರು ಹೇಳಿಕೊಂಡರು. ಪಕ್ಕದಲ್ಲಿ ಕವಚ ಮಾಡುವ ಕಮ್ಮಾರರು ಕುಲುಮೆ ಹೂಡಿದ್ದಾರೆ. ಕಬ್ಬಿಣದ ದೊಡ್ಡ ಗಟ್ಟಿಗಳನ್ನು ಎದೆಗವಚವಾಗಿ ತಟ್ಟುವಾಗ ಸಮ್ಮೆಟ್ಟಿಗೆಯ ಪೆಟ್ಟಿಗೆ ನಡುಗೋಡೆಗಳು ಬಿದ್ದೇಹೋಗುವಂತೆ ಅದುರುತ್ತವೆ. ಹಗಲೂ ರಾತ್ರಿಯೂ ತಮಗೂ ತಮ್ಮ ಆಳುಗಳಿಗೂ ನೆಮ್ಮದಿಯಿಲ್ಲ. ನೆಲಮಾಳಿಗೆಯಲ್ಲಿ ಇಟ್ಟ ದ್ರಾಕ್ಷಾರಸ ಕೆಡುತ್ತಿದೆ. ಕಲ್ಲಿದ್ದಲಿನ ಹೊಗೆಯ ನಾತ ಬೇರೆ. ಆರು ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ದೂರನ್ನು ಓದುವಾಗ ನನಗೆ ಆಶ್ಚರ್ಯವಾಗುವುದು ಅದರ ನಿಖರತೆ. ಸದ್ದು ಬೇರೆ, ನಡುಕ ಬೇರೆ ಎಂಬುದನ್ನು ಆ ದಂಪತಿಗಳು ತಿಳಿದಿದ್ದರು. ಸದ್ದು ನಿದ್ರೆಯನ್ನು ಕೆಡಿಸಿತು, ನಡುಕ ಗೋಡೆಯನ್ನು ಸಡಿಲಿಸಿತು.

ಕಮ್ಮಾರರ ಉತ್ತರ ಇನ್ನೂ ಸ್ವಾರಸ್ಯವಾದದ್ದು. ನಗರದಲ್ಲಿ ಯಾವ ಕಸುಬಿನವನೇ ಆಗಲಿ, ಅಕ್ಕಸಾಲಿಗನೋ ಕಮ್ಮಾರನೋ, ತನ್ನ ಮನೆಯನ್ನು ತನ್ನ ಕೆಲಸಕ್ಕೆ ಅನುಕೂಲವಾಗುವಂತೆ ಮಾಡಿಕೊಳ್ಳಬಹುದೆಂಬುದು ಹಿಂದಿನಿಂದ ಬಂದ ವಾಡಿಕೆ. ಅಲ್ಲದೆ ನಮ್ಮ ಕುಲುಮೆ ಮೊದಲಿನದು, ಇವರ ಮನೆ ಈಚಿನದು ಎಂದರು. ನಾನು ಮೊದಲು ಬಂದವನು ಎಂಬ ಈ ವಾದವನ್ನು ದಯವಿಟ್ಟು ನೆನಪಿನಲ್ಲಿಡಿ. ಐದು ನೂರು ವರ್ಷಗಳ ಮೇಲೆ ಅದೇ ವಾದ ಅದೇ ಊರಿನಲ್ಲಿ ಮತ್ತೊಮ್ಮೆ ನ್ಯಾಯಾಲಯದ ಮೆಟ್ಟಿಲು ಹತ್ತಲಿದೆ.

1666ರ ಸೆಪ್ಟೆಂಬರಿನ ಮಹಾ ಅಗ್ನಿಯಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಮರುವರ್ಷ ಪಾರ್ಲಿಮೆಂಟು ಹೊರಡಿಸಿದ ಪುನರ್ನಿರ್ಮಾಣದ ಕಾಯಿದೆ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಯಾವ ದರ್ಜೆಗೆ ಎಷ್ಟು ಇಟ್ಟಿಗೆ ದಪ್ಪದ ಗೋಡೆ ಎಂದು ವಿಧಿಸಿತು. ಮೊದಲು ಕಟ್ಟಿದವನು ಪೂರ್ತಿ ನಡುಗೋಡೆಯನ್ನು ಎಬ್ಬಿಸುವುದು, ಆಮೇಲೆ ಬಂದು ಅದಕ್ಕೆ ಆನಿಸಿ ಕಟ್ಟುವವನು ಅರ್ಧ ವೆಚ್ಚವನ್ನು ನೂರಕ್ಕೆ ಆರರ ಬಡ್ಡಿಯೊಡನೆ ತೀರಿಸುವುದು ಎಂಬ ಏರ್ಪಾಡೂ ಅದರಲ್ಲಿದೆ. ಹೀಗೆ ನಡುಗೋಡೆ ಎಂಬುದು ಲಂಡನ್ನಿನಲ್ಲಿ ಇಬ್ಬರ ನಡುವಣ ಸಾಲಪತ್ರವೂ ಆಯಿತು. ಬೆಂಕಿ, ಭಾರ, ಬಡ್ಡಿ, ಈ ಮೂರಕ್ಕೂ ಆ ಕಾಯಿದೆಯಲ್ಲಿ ಜಾಗವಿತ್ತು. ಸದ್ದಿಗೆ ಇರಲಿಲ್ಲ. ಮುಂದೆ ಸಾಲುಸಾಲಾಗಿ ಎದ್ದ ಲಂಡನ್ನಿನ ಬೀದಿಗಳೆಲ್ಲ, ಸಿರಿವಂತರವು ಸಹ, ಈ ಮರೆವಿನ ಮೇಲೆಯೇ ನಿಂತವು.

ಇಲ್ಲಿ ಒಂದು ಸಣ್ಣ ವಿಷಯಾಂತರ. ಗೋಡೆಯೊಳಗಿಂದ ಸದ್ದು ಹೇಗೆ ಬರುತ್ತದೆಂಬುದು ಗೊತ್ತಿಲ್ಲದೆ ಮುಂದಿನ ಮೊಕದ್ದಮೆಗಳು ಅರ್ಥವಾಗುವುದಿಲ್ಲ. ನಾನು ಕನ್ನಡ ಎಂ.ಎ. ಓದಿದವನು, ಭೌತವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೆ ಅಧ್ಯಾಪಕನಾದ ಹೊಸದರಲ್ಲಿ ಮೂರು ವರ್ಷ ಒಂದು ವಠಾರದಲ್ಲಿದ್ದೆನಾದ್ದರಿಂದ ಪ್ರಯೋಗಶಾಲೆಯ ಅನುಭವ ಉಂಟು. ಪಕ್ಕದ ಮನೆಯ ಅಜ್ಜಿ ಹಾಡುತ್ತಿದ್ದ ದೇವರನಾಮ ನನಗೆ ರಾಗವಾಗಿ ಕೇಳುತ್ತಿತ್ತು, ಪದಗಳಾಗಿ ಕೇಳುತ್ತಿರಲಿಲ್ಲ. ಅದೇ ಅಜ್ಜಿ ಗೋಡೆಯ ಬುಡದಲ್ಲಿ ಹೂತಿದ್ದ ಒರಳಿನಲ್ಲಿ ದೋಸೆಗೆ ರುಬ್ಬತೊಡಗಿದರೆ ನನ್ನ ಮೇಜಿನ ಮೇಲಿನ ಮಸಿಯ ದೌತಿ ನಡುಗುತ್ತಿತ್ತು. ವ್ಯತ್ಯಾಸ ಇಷ್ಟೆ. ಹಾಡು ಮೊದಲು ಗಾಳಿಯನ್ನು ಅಲುಗಿಸುತ್ತದೆ, ಗಾಳಿ ಗೋಡೆಯನ್ನು ಅಲುಗಿಸಬೇಕು, ಗೋಡೆ ಈಚೆಯ ಗಾಳಿಯನ್ನು ಅಲುಗಿಸಬೇಕು. ಗೋಡೆ ಭಾರವಾದಷ್ಟೂ ಅಲುಗುವುದು ಕಡಿಮೆ. ಎರಡು ಕಡೆಯೂ ಗಾರೆ ಬಳಿದ ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ ಮಾತಿನ ಸದ್ದನ್ನು ಸುಮಾರು 50 ಡೆಸಿಬೆಲ್‌ಗಳಷ್ಟು ತಗ್ಗಿಸುತ್ತದೆ. ಅದರರ್ಧ ದಪ್ಪದ ಗೋಡೆ ಸುಮಾರು 45ರಷ್ಟು. ದಪ್ಪ ಇಮ್ಮಡಿಯಾದರೂ ದೊರೆಯುವ ಲಾಭ ಐದಾರು ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಅರ್ಧವಾಯಿತೆನ್ನಿಸಲು ಹತ್ತು ಬೇಕು. ಒರಳಿನ ಗುಂಡು, ಸಮ್ಮೆಟ್ಟಿಗೆ, ಹಲಗೆಯ ನೆಲದ ಮೇಲಿನ ಬೂಟು, ಇವುಗಳ ದಾರಿ ಬೇರೆ. ಇವು ಗಾಳಿಯ ಹಂಗಿಲ್ಲದೆ ನೇರವಾಗಿ ಇಟ್ಟಿಗೆಗೇ ಪೆಟ್ಟು ಕೊಡುತ್ತವೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು ಇಟ್ಟಿಗೆಯಲ್ಲಿ ಅದರ ಹಲವು ಪಟ್ಟು ವೇಗದಲ್ಲಿ ಹರಿಯುತ್ತದೆ. ಇದಕ್ಕೆ ಗೋಡೆಯ ದಪ್ಪ ಮದ್ದಲ್ಲ. ಪೆಟ್ಟಿಗೂ ಗೋಡೆಗೂ ನಡುವೆ ಸಂಬಂಧ ತಪ್ಪಿಸುವುದೇ ಮದ್ದು.

ಈ ಮದ್ದನ್ನು ಅರಿಯದೆ ಹಣ ಕಳೆದುಕೊಂಡ ದೊಡ್ಡ ಮನುಷ್ಯ ಥಾಮಸ್ ಕಾರ್ಲೈಲ್. ಚೆಲ್ಸಿಯ ಚೇನ್ ರೋ ಎಂಬ ಬೀದಿಯಲ್ಲಿ 1708ರಲ್ಲಿ ಕಟ್ಟಿದ ಸಾಲುಮನೆಯೊಂದಕ್ಕೆ ಆತ 1834ರಲ್ಲಿ ಬಂದ. ಒಂದು ಕಡೆಯ ನೆರೆಯವರಲ್ಲಿ ಪಿಯಾನೊ, ಇನ್ನೊಂದು ಕಡೆ ಕೋಳಿ. ಮೌನದ ಮಹಿಮೆಯನ್ನು ಸಂಪುಟಗಟ್ಟಲೆ ಸಾರಿದ ಆ ಲೇಖಕನಿಗೆ ಸ್ವಂತಕ್ಕೆ ಒಂದು ಗಳಿಗೆಯ ಮೌನ ಸಿಕ್ಕಲಿಲ್ಲ. 1853ರಲ್ಲಿ ಮನೆಯ ತಲೆಯ ಮೇಲೆ ಜೋಡಿಗೋಡೆಗಳ, ಮೇಲಿನಿಂದ ಮಾತ್ರ ಬೆಳಕು ಬೀಳುವ ಕೋಣೆಯೊಂದನ್ನು ಕಟ್ಟಿಸಿಕೊಂಡ. ಪ್ರಷ್ಯದ ದೊರೆ ಫ್ರೆಡರಿಕ್‌ನ ಬೃಹಚ್ಚರಿತ್ರೆಯನ್ನು ಬರೆದದ್ದು ಆ ಕೋಣೆಯಲ್ಲಿ. ಆದರೆ ಬಯಸಿದ ಮೌನ ಅಲ್ಲಿಯೂ ಬರಲಿಲ್ಲ. ಕೆಳಗಿನ ಸದ್ದು ತಗ್ಗಿದಂತೆಲ್ಲ ದೂರದ ಸದ್ದುಗಳು ಎದ್ದು ಕೇಳತೊಡಗಿದವು. ಅತ್ತ ಆತನ ಹೆಂಡತಿ ಜೇನ್, ಪಕ್ಕದ ಮನೆಯವನಿಗೆ ಐದು ಪೌಂಡು ಕೊಟ್ಟು ಕೋಳಿ ಸಾಕುವುದಿಲ್ಲವೆಂದು ಬರೆಸಿಕೊಂಡಳು. ಇಬ್ಬರಲ್ಲಿ ಗೋಡೆಯ ಶಾಸ್ತ್ರವನ್ನು ಸರಿಯಾಗಿ ತಿಳಿದವಳು ಆಕೆಯೇ ಎಂದು ನನ್ನ ಅಭಿಪ್ರಾಯ. ಕೋಣೆಗೆ ಬಿದ್ದ ವೆಚ್ಚ ಅದರ ಎಷ್ಟೋ ಪಟ್ಟು.

ಎಲ್ಲರಿಗೂ ಜೇನಳಂಥ ಹೆಂಡತಿ ಇರುವುದಿಲ್ಲವಷ್ಟೆ. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ವಾಸವಾಗಿದ್ದ ಕಾರಣ ಸಾಹಿತ್ಯಪ್ರಿಯರಿಗೆ ಹೆಸರಿನಿಂದ ಪರಿಚಿತವಾದ ವಿಂಪೋಲ್ ಬೀದಿ ಮುಂದೆ ವೈದ್ಯರ ಬೀದಿಯಾಯಿತು. 1865ರಲ್ಲಿ ಸ್ಟರ್ಜಸ್ ಎಂಬ ವೈದ್ಯ ಅಲ್ಲಿ ಮನೆ ಹಿಡಿದ. ಆ ಮನೆಯ ಹಿತ್ತಿಲಿಗೆ ಬೆನ್ನುಕೊಟ್ಟು ವಿಗ್ಮೋರ್ ಬೀದಿಯ ಮಿಠಾಯಿ ವ್ಯಾಪಾರಿ ಬ್ರಿಡ್ಜ್‌ಮನ್ ಎಂಬವನ ಅಡುಗೆಮನೆ. ಅಲ್ಲಿ ನಡುಗೋಡೆಗೆ ಒತ್ತಿ ಇಟ್ಟಿಗೆಯಲ್ಲಿ ಕಟ್ಟಿ ಕೂರಿಸಿದ ಎರಡು ದೊಡ್ಡ ಒರಳುಗಳು; ಅವುಗಳ ಮರದ ಒನಕೆಗಳನ್ನು ನೆಟ್ಟಗೆ ಹಿಡಿದ ಆಸರೆಗಳು ಅದೇ ಗೋಡೆಗೆ ನಾಟಿದ್ದವು. ಸಕ್ಕರೆಯ ಗಟ್ಟಿಗಳನ್ನು ಪುಡಿಮಾಡುವುದು, ಮಾಂಸ ಕುಟ್ಟುವುದು ಅವುಗಳ ಕೆಲಸ. ಒಂದು ಒರಳಿಗೆ ಅರವತ್ತು ವರ್ಷಕ್ಕೂ ಹೆಚ್ಚಿನ ಬಳಕೆ, ಇನ್ನೊಂದಕ್ಕೆ ಇಪ್ಪತ್ತಾರು ವರ್ಷ. ಅಪ್ಪನ ಕಾಲದಿಂದ ಯಾರೂ ದೂರಿರಲಿಲ್ಲ. ಹಿಂದೆ ಆ ಮನೆಯಲ್ಲಿದ್ದ ರೋಗಿಯೊಬ್ಬರು ಬೆಳಿಗ್ಗೆ ಎಂಟು ಗಂಟೆಗೆ ಮುಂಚೆ ಕುಟ್ಟಬೇಡಿ ಎಂದು ಕೇಳಿಕೊಂಡಿದ್ದು ಬಿಟ್ಟರೆ. ಆ ಕೋರಿಕೆ ನಡೆದಿತ್ತು ಕೂಡ.

1873ರಲ್ಲಿ ವೈದ್ಯ ತನ್ನ ಹಿತ್ತಿಲ ಕೊನೆಯಲ್ಲಿ, ಅದೇ ನಡುಗೋಡೆಗೆ ಆನಿಸಿ, ರೋಗಿಗಳನ್ನು ನೋಡುವ ಕೋಣೆಯೊಂದನ್ನು ಕಟ್ಟಿಸಿದ. ಕಟ್ಟಿಸಿದ ಮೇಲೆ ತಿಳಿಯಿತು, ರೋಗಿಯ ಎದೆಯ ಮಿಡಿತವನ್ನು ಕೇಳೋಣವೆಂದು ನಳಿಗೆಗೆ ಕಿವಿಗೊಟ್ಟರೆ ಕೇಳುವುದು ಒನಕೆಯ ಪೆಟ್ಟು ಎಂದು. ಎದೆಯ ರೋಗದ ಪರೀಕ್ಷೆಯೇ ಅಸಾಧ್ಯ, ಮನಸ್ಸಿಟ್ಟು ಮಾಡುವ ಯಾವ ಕೆಲಸವೂ ಅಸಾಧ್ಯ ಎಂದು ಅವನು ನ್ಯಾಯಾಲಯಕ್ಕೆ ಹೋದ. ಮಿಠಾಯಿಯವನು ಹೇಳಿದ್ದು 1378ರ ಕಮ್ಮಾರನ ಮಾತನ್ನೇ: ನಾನು ಮೊದಲಿನವನು, ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದುಬಂದದ್ದು ಹಕ್ಕಾಗುತ್ತದೆಂದು ಕಾನೂನೇ ಹೇಳುತ್ತದೆ. 1879ರಲ್ಲಿ ಮೇಲಿನ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಕೋಣೆ ಕಟ್ಟುವವರೆಗೆ ಆ ಸದ್ದಿನಿಂದ ಯಾರಿಗೂ ಬಾಧೆಯಿರಲಿಲ್ಲ. ಬಾಧೆಯಿಲ್ಲದಾಗ ದಾವೆ ಹೂಡಲು ಬರುವುದಿಲ್ಲ. ದಾವೆ ಹೂಡಲು ಬಾರದವನ ಮೌನವನ್ನು ಸಮ್ಮತಿ ಎನ್ನಲಾಗದು. ಆದ್ದರಿಂದ ಇಪ್ಪತ್ತು ವರ್ಷದ ಲೆಕ್ಕ ಶುರುವಾಗುವುದು 1873ರಿಂದ. ತರ್ಕದಲ್ಲಿ ಬಿರುಕಿಲ್ಲ. ಆದರೂ ಅರವತ್ತು ವರ್ಷದ ಒರಳಿಗಿಂತ ಮೊನ್ನೆಯ ಕೋಣೆ ಹೆಚ್ಚಾಯಿತಲ್ಲ ಎಂದು ನನ್ನ ಮನಸ್ಸು ಇಂದಿಗೂ ಮಿಠಾಯಿಯವನ ಕಡೆಗೇ ವಾಲುತ್ತದೆ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಥೆಸಿಜರ್ ಇನ್ನೊಂದು ಮಾತು ಹೇಳಿದರು: ಬೆಲ್‌ಗ್ರೇವ್ ಚೌಕದಲ್ಲಿ ಉಪದ್ರವ ಎನ್ನಿಸುವುದು ಬರ್ಮಂಡ್ಸಿಯಲ್ಲಿಯೂ ಉಪದ್ರವವೇ ಆಗಬೇಕೆಂದಿಲ್ಲ, ಎಂಬ ಅರ್ಥದ ಮಾತು. ಮೊದಲನೆಯದು ಶ್ರೀಮಂತರ ಬಡಾವಣೆ. ಎರಡನೆಯದು ಚರ್ಮ ಹದಮಾಡುವವರ ಕೇರಿ. ಕಾನೂನಿನ ದೃಷ್ಟಿಯಲ್ಲಿ ಅದು ವ್ಯವಹಾರದ ವಿವೇಕ. ಬರ್ಮಂಡ್ಸಿಯ ನಿವಾಸಿಯ ಕಿವಿಗೆ ಅದು ಹೇಗೆ ಕೇಳಿಸಿತೋ.

ಎಂಬತ್ತೊಂದು ವರ್ಷಗಳ ಮೇಲೆ, 1960ರಲ್ಲಿ, ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ ಇದೇ ಒರಳುಗಳನ್ನು ಮತ್ತೆ ಎತ್ತಿಕೊಂಡು ಒಂದು ಪ್ರಸಿದ್ಧ ಲೇಖನ ಬರೆದರು. ಬಾಧೆ ಒಬ್ಬನಿಂದ ಒಬ್ಬನಿಗೆ ಆಗುವುದಲ್ಲ. ವೈದ್ಯನಿಗೆ ಒರಳು ಎಷ್ಟು ಬಾಧೆಯೋ ಒರಳಿನವನಿಗೆ ವೈದ್ಯನೂ ಅಷ್ಟೇ ಬಾಧೆ. ಚೌಕಾಸಿಗೆ ಅಡ್ಡಿಯಿಲ್ಲದಿದ್ದರೆ ನ್ಯಾಯಾಲಯ ಯಾರ ಕಡೆ ತೀರ್ಪಿತ್ತರೂ ಕೊನೆಗೆ ಹೆಚ್ಚು ಬೆಲೆಯ ಕೆಲಸವೇ ಉಳಿಯುತ್ತದೆ, ಯಾರು ಯಾರಿಗೆ ಹಣ ಕೊಡಬೇಕೆಂಬುದು ಮಾತ್ರ ಬದಲಾಗುತ್ತದೆ ಎಂದರು. 1991ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಜೇನ್ ಕಾರ್ಲೈಲಳ ಐದು ಪೌಂಡು ಈ ಸಿದ್ಧಾಂತಕ್ಕೆ ನೂರು ವರ್ಷ ಮೊದಲೇ ಬರೆದ ಭಾಷ್ಯದಂತಿದೆ.

ಆದರೆ ಚೌಕಾಸಿಗೆ ಮನಸ್ಸು ಬೇಕು. 1893ರ ಒಂದು ಮೊಕದ್ದಮೆ ಇದನ್ನು ತೋರಿಸುತ್ತದೆ. ಬ್ರಿಕ್ಸ್ಟನ್ನಿನ ಒಂದು ಜೋಡಿಮನೆಯ ಅರ್ಧದಲ್ಲಿ ಕ್ರಿಸ್ಟಿ ಎಂಬ ಸಂಗೀತದ ಕುಟುಂಬ. ತಾಯಿ ಪಾಠ ಹೇಳುತ್ತಾಳೆ, ಮಗಳು ಪಿಟೀಲು, ಪಿಯಾನೊ, ಮಗ ರಾತ್ರಿಯವರೆಗೆ ಚೆಲೊ. ಇನ್ನೊಂದು ಅರ್ಧದಲ್ಲಿ ಮರದ ಅಚ್ಚಿನಲ್ಲಿ ಚಿತ್ರ ಕೆತ್ತುವ ಡೇವಿ. ಏಕಾಗ್ರತೆ ಬೇಡುವ ಕಸುಬು. ಅವನು ಮೊದಲು ವ್ಯಂಗ್ಯದ ಕಾಗದ ಬರೆದ. ಆಮೇಲೆ ಆಚೆ ಸಂಗೀತ ಶುರುವಾದಾಗಲೆಲ್ಲ ಈಚೆ ನಡುಗೋಡೆಗೆ ಗುದ್ದುವುದು, ತಟ್ಟೆ ಬಡಿಯುವುದು, ಸಿಳ್ಳೆ ಹಾಕುವುದು, ಕಿರಿಚುವುದು ಮಾಡತೊಡಗಿದ. ನ್ಯಾಯಮೂರ್ತಿ ನಾರ್ತ್ ಅವರು ಸಂಗೀತವನ್ನು ತಡೆಯಲಿಲ್ಲ, ತಟ್ಟೆಯನ್ನು ತಡೆದರು. ಸದ್ದು ಎಷ್ಟು ಎಂಬುದಲ್ಲ, ಯಾವ ಬುದ್ಧಿಯಿಂದ ಹುಟ್ಟಿದ್ದು ಎಂಬುದು ಅಲ್ಲಿ ನಿರ್ಣಾಯಕವಾಯಿತು. ಕೇಡಿನ ಉದ್ದೇಶದಿಂದ ಮಾಡಿದ ಸದ್ದು ಕಾನೂನುಬದ್ಧ ಸದ್ದಲ್ಲ ಎಂದು ತೀರ್ಮಾನವಾಯಿತು.

ಈ ಮೊಕದ್ದಮೆಗಳನ್ನೆಲ್ಲ ಒಟ್ಟಿಗೆ ಓದುತ್ತ ಹೋದಾಗ ಒಂದು ಕೊರತೆ ಕಣ್ಣಿಗೆ ಬೀಳುತ್ತದೆ. ಕಟಕಟೆಯಲ್ಲಿ ಯಾವಾಗಲೂ ನೆರೆಯವರಿಬ್ಬರೇ. ಗೋಡೆಯನ್ನು ಕಟ್ಟಿದವನು ಎಲ್ಲಿ? ವಿಂಪೋಲ್ ಬೀದಿಯಲ್ಲಾದರೂ ಮನೆಯ ಒಡೆಯರು ತಮ್ಮ ಗೋಡೆಗೆ ತಾವೇ ಹೊಣೆ ಎನ್ನಬಹುದು. ಕಾರ್ಖಾನೆಯ ಊರುಗಳ ಕೂಲಿಕಾರರಿಗೆ ಆ ಮಾತು ಹೇಳಲು ಬಾರದು. ಮ್ಯಾಂಚೆಸ್ಟರಿನ ಕೂಲಿಮನೆಗಳ ಗೋಡೆಗಳು ಅರ್ಧ ಇಟ್ಟಿಗೆಯಷ್ಟೇ ದಪ್ಪವಿದ್ದುದನ್ನು ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ವರ್ಣಿಸಿದ್ದಾನೆ. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಮೊದಲಾದ ಕಡೆ ಬೆನ್ನಿಗೆ ಬೆನ್ನು ಹಚ್ಚಿದ ಮನೆಗಳನ್ನು ಕಟ್ಟಿದರು. ಸಾಲಿನ ನಡುವಿನ ಮನೆಗೆ ಮೂರು ಕಡೆಯೂ ನೆರೆಯ ಗೋಡೆ; ಕಿಟಕಿ ಬಾಗಿಲು ಇದ್ದದ್ದು ಒಂದೇ ಕಡೆ. ಮೂರು ಸಂಸಾರಗಳ ಕೆಮ್ಮು, ಮಗುವಿನ ಅಳು, ಗಂಡಹೆಂಡಿರ ಜಗಳ ಎಲ್ಲವೂ ನಾಲ್ಕನೆಯ ಸಂಸಾರದ್ದೂ ಹೌದು. 1909ರ ಕಾಯಿದೆ ಇಂಥ ಮನೆಗಳನ್ನು ನಿಷೇಧಿಸಿತು. ಲೀಡ್ಸ್‌ನಲ್ಲಿ ಮಾತ್ರ 1937ರವರೆಗೂ ಕಟ್ಟುತ್ತಲೇ ಇದ್ದರು. ನಿಷೇಧಕ್ಕೆ ಕಾರಣ ಗಾಳಿ ಬೆಳಕಿನ ಅಭಾವವೇ ಹೊರತು ಸದ್ದಲ್ಲ. ಅಲ್ಲಿಂದ ಯಾರೂ ಸದ್ದಿನ ದಾವೆಯನ್ನು ದೊಡ್ಡ ನ್ಯಾಯಾಲಯಕ್ಕೆ ಒಯ್ದು ಹೆಸರು ಮಾಡಲಿಲ್ಲ. ದಾವೆಗೆ ಬೇಕಾದ ಹಣ ಅವರಲ್ಲಿದ್ದಿದ್ದರೆ ಅವರು ಅಲ್ಲಿ ಇರುತ್ತಿರಲಿಲ್ಲ.

ಕಟ್ಟುವವನಿಗೆ ಕಿವಿಯ ನೆನಪು ಮಾಡಿಕೊಟ್ಟದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧ. ಇಂಗ್ಲೆಂಡ್ ಮತ್ತು ವೇಲ್ಸಿಗಾಗಿ 1965ರಲ್ಲಿ ಹೊರಟ ಕಟ್ಟಡ ನಿಯಮಗಳಲ್ಲಿ ನಡುಗೋಡೆ ಸದ್ದನ್ನು ತಡೆಯಬೇಕೆಂಬ ವಿಧಿ ಸೇರಿತು. 2003ರಿಂದ ಹೊಸ ಮನೆಗಳ ಗೋಡೆ 45 ಡೆಸಿಬೆಲ್‌ಗೆ ಕಡಿಮೆಯಿಲ್ಲದಂತೆ ತಡೆಯಬೇಕು, ಅದನ್ನು ಮನೆ ಮುಗಿದ ಮೇಲೆ ಅಳೆದು ನೋಡಬೇಕು ಎಂಬ ನಿಯಮ ಬಂದಿತು. ಅಳೆಯುವಾಗ ಮಂದ್ರ ಸ್ವರದ ಸದ್ದುಗಳಿಗೆ ಹೆಚ್ಚಿನ ಗಮನ. ಕಾಲ ಪಿಯಾನೊ ಬಿಟ್ಟು ಧ್ವನಿವರ್ಧಕಕ್ಕೆ ಬಂದಿತ್ತಷ್ಟೆ. ಇದೆಲ್ಲ ಹೊಸ ಮನೆಗಳ ಮಾತು. ಹಳೆಯ ಗೋಡೆಗಳ ಮಾತು 1999ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಲಾರ್ಡ್ಸ್ ಸಭೆಯ ಮುಂದೆ ಬಂದಿತು. ಸದರ್ಕ್ ಮತ್ತು ಕ್ಯಾಮ್ಡೆನ್ ಪೌರಸಭೆಗಳ ಬಾಡಿಗೆದಾರರು ಈ ಬಾರಿ ನೆರೆಯವರ ಮೇಲೆ ದೂರು ಹೇಳಲಿಲ್ಲ. ನಮ್ಮ ನೆರೆಯವರು ಒಳ್ಳೆಯವರೇ. ಅವರು ನಡೆಯುತ್ತಾರೆ, ಅಡುಗೆ ಮಾಡುತ್ತಾರೆ, ಟಿ.ವಿ. ನೋಡುತ್ತಾರೆ, ಅದೆಲ್ಲ ನಮಗೆ ಕೇಳುತ್ತದೆ, ತಪ್ಪು ಅವರದಲ್ಲ, ಗೋಡೆ ನೆಲಗಳದು, ಅವುಗಳನ್ನು ನಮಗೆ ಬಾಡಿಗೆಗೆ ಕೊಟ್ಟವರದು ಎಂದರು. ಶತಮಾನಗಳ ವ್ಯಾಜ್ಯದಲ್ಲಿ ಬೆರಳು ಸರಿಯಾದ ದಿಕ್ಕಿಗೆ ತಿರುಗಿದ್ದು ಇಲ್ಲಿ ಎಂದು ನಾನು ಭಾವಿಸುತ್ತೇನೆ. ಅವರು ಸೋತರು. ಸಾಮಾನ್ಯವಾಗಿ ಬದುಕುವುದು ಉಪದ್ರವವಲ್ಲ. ಉಪದ್ರವವೇ ಅಲ್ಲದ ಮೇಲೆ ಒಡೆಯನನ್ನು ಅದಕ್ಕೆ ಹೊಣೆ ಮಾಡಲಾಗದು. ಹಳೆಯ ಮನೆಗಳನ್ನು ಸರಿಪಡಿಸುವುದು ಪಾರ್ಲಿಮೆಂಟಿನ ಕೆಲಸ, ನ್ಯಾಯಾಧೀಶರದಲ್ಲ ಎಂದಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ನಾಡಿನ ಒಂದು ಸಂಗತಿಯನ್ನು ಹೇಳದಿರಲಾರೆ. ವಿಂಪೋಲ್ ಬೀದಿಯ ತೀರ್ಪು ಬಂದ ಮೂರೇ ವರ್ಷಕ್ಕೆ, 1882ರಲ್ಲಿ, ಭಾರತದ ಈಸ್‌ಮೆಂಟ್ ಕಾಯಿದೆ ಜಾರಿಗೆ ಬಂದಿತು. ನೆರೆಯ ಸ್ವತ್ತುಗಳ ನಡುವಣ ಹಕ್ಕುಗಳ ಕಾಯಿದೆ ಅದು. ಅದರ ಏಳನೆಯ ಕಲಮಿಗೆ ಕೊಟ್ಟ ಉದಾಹರಣೆಗಳಲ್ಲಿ ಒಂದು ಹೀಗೆ: ಇನ್ನೊಬ್ಬರು ಉಂಟುಮಾಡುವ ಸದ್ದು ಅಥವಾ ಕಂಪನದಿಂದ ತನ್ನ ದೇಹಸೌಖ್ಯಕ್ಕೆ ಅನುಚಿತವಾಗಿ, ಗಣನೀಯವಾಗಿ ಭಂಗ ಬಾರದಿರುವುದು ಪ್ರತಿಯೊಬ್ಬ ಮನೆಯೊಡೆಯನ ಹಕ್ಕು. ಸದ್ದು ಮತ್ತು ಕಂಪನ, ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ಥಾಮಸ್ ಯಂಗ್ ದಂಪತಿಗಳು ಕಂಡ ವ್ಯತ್ಯಾಸವೇ. ಹಕ್ಕು ಮನೆಯೊಡೆಯನದು ಎಂದಿದೆ; ವಠಾರದ ಬಾಡಿಗೆದಾರನ ಹೆಸರು ಆ ವಾಕ್ಯದಲ್ಲಿಲ್ಲ.

ಈ ಕಾಯಿದೆ ಮೊದಲು ಅನ್ವಯವಾದದ್ದು ಮದರಾಸು ಪ್ರಾಂತಕ್ಕೆ, ಮಧ್ಯಪ್ರಾಂತಗಳಿಗೆ ಮತ್ತು ಕೊಡಗಿಗೆ. ಧಾರವಾಡ, ಬೆಳಗಾವಿಗಳನ್ನೊಳಗೊಂಡ ಮುಂಬಯಿ ಪ್ರಾಂತಕ್ಕೆ ಅದು ಬಂದದ್ದು 1891ರಲ್ಲಿ. ಹಿಂದಿನ ವರ್ಷವಷ್ಟೇ, 1881ರಲ್ಲಿ, ಒಡೆಯರ ಆಳ್ವಿಕೆಗೆ ಮರಳಿದ್ದ ಮೈಸೂರು ಸಂಸ್ಥಾನ ಅದರ ವ್ಯಾಪ್ತಿಯಲ್ಲಿರಲಿಲ್ಲ. ಹೀಗಾಗಿ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಮೈಸೂರು ಸೀಮೆಯ ಅಗ್ರಹಾರಗಳಿಗೆ ಆಗ ದೊರೆಯದ ಆ ಉದಾಹರಣೆ, 1882ರ ಜುಲೈ ಒಂದರಂದು ಕೊಡಗಿನಲ್ಲಿ ಕಾನೂನಾಗಿ ಜಾರಿಗೆ ಬಂದಿತು. ಒಂದು ಐನ್‌ಮನೆಯಲ್ಲಿ ಭತ್ತ ಕುಟ್ಟಿದರೆ ಗದ್ದೆಯ ಬಯಲನ್ನು ದಾಟಿ ಇನ್ನೊಂದು ಐನ್‌ಮನೆಗೆ ಕೇಳಿಸುವುದೇ ಕಷ್ಟವಾಗಿದ್ದ ಕೊಡಗಿನಲ್ಲಿ.